ಕ್ಯಾಸೆಟ್ಟಿಗೆ ಊದಿದ ಉಸಿರು

ಇಂದಿನ ಧಮ್ಮ ಚಿಂತನೆ: ಸೀಲಬ್ಬತ ಪರಾಮಾಸ

ಧಮ್ಮ ಬಂಧುಗಳೇ,

ಸೋತಾಪನ್ನನಾಗುವವನು ಕಳಚಿಕೊಳ್ಳುವ ಮೂರು ಸಂಯೋಜನಗಳಲ್ಲಿ, ಅಂದರೆ ಬಂಧನಗಳಲ್ಲಿ, ಮೂರನೆಯದು ಸೀಲಬ್ಬತ ಪರಾಮಾಸ. ವ್ರತ, ಆಚರಣೆಗಳಿಂದಲೇ ಕೆಲಸ ಆಗುತ್ತದೆ ಎಂದು ಅವಕ್ಕೆ ಜೋತುಬೀಳುವುದು ಎಂದು ಇದರ ಅರ್ಥ. ಹೋದ ವಾರ ಇದನ್ನು ಓದುವಾಗ ನಮ್ಮ ಕೂಟದ ಹಿರಿಯ ಉಪಾಸಿಕೆಯೊಬ್ಬರು ಕೇಳಿದರು: "ಆಚರಣೆ ಮಾಡಿದ ಮೇಲೆ ಒಳ್ಳೇದಾಗಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಲ್ಲ ಮೇಷ್ಟ್ರೇ, ಅದೂ ಸುಳ್ಳಾ?"

ಇದು "ಮೂಢನಂಬಿಕೆ ಬಿಡಿ ಅಮ್ಮಾ" ಎಂದು ಹೇಳಿ ಮುಗಿಸುವ ಪ್ರಶ್ನೆಯಲ್ಲ. ಅವರು ನೋಡಿದ್ದು ನಿಜ. ನೋಡಿದ್ದರಿಂದ ಯಾವ ತೀರ್ಮಾನಕ್ಕೆ ಬರಬೇಕು ಎನ್ನುವುದು ಬೇರೆ ಮಾತು. ಅದನ್ನು ವಿವರಿಸಲು ಒಂದು ಹಳೆಯ ವಿಡಿಯೋ ಗೇಮ್ ರಿಪೇರಿಯ ಕತೆ ಹೇಳುತ್ತೇನೆ. ನಗಬೇಡಿ, ಕೊನೆಯವರೆಗೆ ಓದಿ.

ದೇವರಾಯನದುರ್ಗದ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಒಬ್ಬ ಉಪಾಸಕರ ಮನೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಒಂದು ಟಿ.ವಿ. ಗೇಮ್ ಪೆಟ್ಟಿಗೆ ಸಿಕ್ಕಿತು. ನಲವತ್ತು ದಾಟಿದವರಿಗೆ ಇದು ಗೊತ್ತಿರುತ್ತದೆ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಆಟದ ಯಂತ್ರ ತಂದಿತು. ಅದನ್ನು ನಕಲು ಮಾಡಿದ ಅಗ್ಗದ ಪೆಟ್ಟಿಗೆಗಳು 90ರ ದಶಕದಲ್ಲಿ ನಮ್ಮ ಊರುಗಳಿಗೂ ಬಂದವು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂದೆಲ್ಲ ಹೆಸರು. ಮಾರಿಯೋ, ಕಾಂಟ್ರಾ ಆಟಗಳು. ಆಟ ತುಂಬಿದ ಪ್ಲಾಸ್ಟಿಕ್ ತುಂಡನ್ನು ನಾವು ಕರೆಯುತ್ತಿದ್ದುದು ಕ್ಯಾಸೆಟ್ ಎಂದೇ. ಅಟ್ಟದಲ್ಲಿ ಸಿಕ್ಕಿದ್ದರ ಮೇಲಿನ ಹೆಸರು ಅಳಿಸಿ ಹೋಗಿತ್ತು.

ಆ ಮನೆಯ ಹುಡುಗ ಪಿಯುಸಿ ಓದುತ್ತಿದ್ದಾನೆ. ಟಿ.ವಿ.ಗೆ ಹಾಕಿದ, ಪರದೆ ಬರೀ ಬೂದು ಬಣ್ಣ. ಅವನ ಅಪ್ಪ ತಕ್ಷಣ ಕ್ಯಾಸೆಟ್ ಕಿತ್ತು, ಬಾಯಿಗೆ ಹಿಡಿದು ಮೌತ್ ಆರ್ಗನ್ ನುಡಿಸುವ ಹಾಗೆ ಉಫ್ ಉಫ್ ಎಂದು ಊದಿ ಮತ್ತೆ ಹಾಕಿದರು. ಮಾರಿಯೋ ಬಂದ! ಎರಡು ನಿಮಿಷ ಇದ್ದು ಹೋದ. ಮತ್ತೆ ಊದಿದರು, ಬರಲಿಲ್ಲ. ಮೂರನೇ ಸಲ ಊದಿದಾಗ ಬಂತು. "ಊದೋದೇ ಇದಕ್ಕೆ ಮದ್ದು" ಎಂದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ವಿಚಿತ್ರ ನೋಡಿ, ಅಮೆರಿಕದ ಮಕ್ಕಳೂ ಆ ಕಾಲದಲ್ಲಿ ಹೀಗೇ ಊದುತ್ತಿದ್ದರು.

ನಮ್ಮ ಕೂಟದಲ್ಲಿ ತುಮಕೂರಿನಲ್ಲಿ ಟಿ.ವಿ. ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಭಾನುವಾರ ಅವರು ಪೆಟ್ಟಿಗೆ ಬಿಚ್ಚಿದರು. ಕನ್ನಡ ಮೇಷ್ಟ್ರಾದ ನನ್ನ ಕೈಗೆ ಮಲ್ಟಿಮೀಟರ್ ಕೊಟ್ಟಾಗ ಹುಡುಗರು ನಕ್ಕರು. ಆದರೆ ಅಣ್ಣ ನಡೆದ ದಾರಿ ನನಗೆ ಬಹಳ ಹಿಡಿಸಿತು. ಅವರು ಯಾವುದನ್ನೂ ಊಹಿಸಲಿಲ್ಲ. "ಕರೆಂಟ್ ಎಲ್ಲಿವರೆಗೂ ಬಂದಿದೆ, ಎಲ್ಲಿ ನಿಂತಿದೆ ಅಷ್ಟು ನೋಡಿ ಮೇಷ್ಟ್ರೇ" ಎಂದರು.

ಮೊದಲು ಅಡಾಪ್ಟರ್. ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಮೀಟರ್ ಹನ್ನೆರಡರ ಮೇಲೆ ತೋರಿಸಿತು. ಕೆಟ್ಟಿದೆ ಎಂದುಕೊಂಡೆವು. ಕೆಟ್ಟಿಲ್ಲವಂತೆ, ಹಳೆಯ ಕಾಲದ ಅಡಾಪ್ಟರಿಗೆ ಯಾವ ಲೋಡೂ ಇಲ್ಲದಾಗ ವೋಲ್ಟೇಜ್ ಹೆಚ್ಚಾಗಿಯೇ ಕಾಣುತ್ತದೆ. ಆಮೇಲೆ ಪಿನ್ನಿನ ಪ್ಲಸ್ ಒಳಗಿದೆಯೋ ಹೊರಗಿದೆಯೋ ನೋಡಿದರು. ಬೇರೆ ಅಡಾಪ್ಟರ್ ಉಲ್ಟಾ ಚುಚ್ಚಿ ಸುಟ್ಟುಕೊಂಡ ಪೆಟ್ಟಿಗೆಗಳು ಬಹಳವಂತೆ. ಒಳಗೆ 7805 ಎಂಬ ಮೂರು ಕಾಲಿನ ಪುಟ್ಟ ಐಸಿ ಇತ್ತು. ಬರಹ ನಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲಿಗೆ ಕರೆಂಟ್ ಒಳಗೆ ಬರುತ್ತದೆ, ನಡುವಿನದು ಗ್ರೌಂಡ್, ಬಲಗಾಲಿನಿಂದ ಸರಿಯಾಗಿ 5 ವೋಲ್ಟ್ ಹೊರಗೆ ಹೋಗಬೇಕು. ಬಲಗಾಲಿಗೆ ನಾನೇ ಮೀಟರ್ ಕಡ್ಡಿ ಇಟ್ಟೆ. ಐದು ಬಂತು. ಅಲ್ಲಿಗೆ ಕರೆಂಟಿನ ಮೇಲಿದ್ದ ಅನುಮಾನ ಹೋಯಿತು. ಕೆಪಾಸಿಟರ್‌ಗಳ ತಲೆ ಉಬ್ಬಿರಲಿಲ್ಲ.

ಉಳಿದದ್ದು ಕ್ಯಾಸೆಟ್ ಕೂರುವ ಜಾಗ. ಅಲ್ಲಿ 60 ಪಿನ್ನುಗಳು. ಕ್ಯಾಸೆಟ್ಟಿನ ತುದಿಯ ತಾಮ್ರದ ಪಟ್ಟಿಗಳು ಅವನ್ನು ಒಂದೊಂದಾಗಿ ಮುಟ್ಟಬೇಕು. ಮುಖ್ಯವಾದ ಒಂದು ಮುಟ್ಟದಿದ್ದರೂ ಆಟ ಏಳುವುದಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ ದ್ರವವನ್ನು ಹತ್ತಿಗೆ ಹಚ್ಚಿ ಪಟ್ಟಿಗಳನ್ನು ಒರೆಸಿದರು. ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ನಾಲ್ಕು ಸಲ ಒರೆಸಿದ ಮೇಲೆ ಹತ್ತಿ ಬೆಳ್ಳಗೇ ಉಳಿಯಿತು. ಹಾಕಿದರೆ ಆಟ ಬಂತು, ಆದರೆ ಪೆಟ್ಟಿಗೆ ಅಲುಗಿದರೆ ಹೋಗುತ್ತಿತ್ತು. ಬೋರ್ಡಿನ ಹಿಂಬದಿಯನ್ನು ಒಣ ಕಡ್ಡಿಯಿಂದ ಅಲ್ಲಲ್ಲಿ ಒತ್ತುತ್ತಾ ಹೋದರು. ಒಂದು ಕಡೆ ಒತ್ತಿದಾಗ ಚಿತ್ರ ನಿಂತಿತು, ಬಿಟ್ಟಾಗ ಹೋಯಿತು. ಭೂತಗನ್ನಡಿಯಲ್ಲಿ ನೋಡಿದೆ. ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಡ್ರೈ ಸೋಲ್ಡರ್ ಎನ್ನುತ್ತಾರೆ. ಕಾದ ಐರನ್ ಮುಟ್ಟಿಸಿ ಹೊಸ ಬೆಸುಗೆ ಹಾಕಿದ್ದು ಕೆಲವೇ ಸೆಕೆಂಡಿನ ಕೆಲಸ. (ಮಕ್ಕಳಿಗೆ: ಈ ಪೆಟ್ಟಿಗೆಯ ಒಳಗಿರುವುದು ಸಣ್ಣ ಕರೆಂಟ್. ಹಳೆಯ ಡಬ್ಬಾ ಟಿ.ವಿ.ಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದು ಹೊಡೆಯುತ್ತದೆ.)

ಹಾಗಾದರೆ ಊದಿದಾಗ ಬಂದಿತ್ತಲ್ಲ? ಒರೆಸುವ ಮೊದಲೇ ಅಣ್ಣ ಒಂದು ಪರೀಕ್ಷೆ ಮಾಡಿಸಿದ್ದರು. ಹತ್ತು ಸಲ ಕಿತ್ತು ಊದಿ ಹಾಕುವುದು, ಹತ್ತು ಸಲ ಕಿತ್ತು ಊದದೆ ಹಾಕುವುದು. ಹುಡುಗ ಪುಸ್ತಕದಲ್ಲಿ ಗೀಟು ಎಳೆದ. ಎರಡರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಕೆಲಸ ಮಾಡುತ್ತಿದ್ದುದು ಕಿತ್ತು ಹಾಕುವುದು. ಹಾಕಿದಾಗ ಪಟ್ಟಿ ಪಿನ್ನಿಗೆ ಉಜ್ಜಿ, ಕೆಲವು ಸಲ ಸರಿಯಾಗಿ ತಾಗುತ್ತಿತ್ತು. ಊದುವುದು ಅದರ ಜೊತೆ ಪ್ರತಿಸಲ ಇರುತ್ತಿದ್ದುದರಿಂದ ಹೆಸರು ಅದಕ್ಕೆ ಬಂತು. ಅಷ್ಟೇ ಅಲ್ಲ, ಉಸಿರಿನ ತೇವ ಪಟ್ಟಿಗಳಿಗೆ ತಾಗಿದರೆ ಲೋಹ ಕಿಲುಬು ಹಿಡಿಯುತ್ತದೆ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ನಾವು ಮದ್ದು ಎಂದುಕೊಂಡದ್ದು ಕಾಯಿಲೆಯನ್ನು ಬೆಳೆಸುತ್ತಿತ್ತು.

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಆಚರಣೆ ಉಳಿಯುವುದು ಅದು ಎಂದೂ ಫಲ ಕೊಡದೆ ಇರುವುದರಿಂದಲ್ಲ. ಆಗಾಗ ಫಲ ಬಂದಂತೆ ಕಾಣುವುದರಿಂದ. ಬಂದರೆ ಊದಿದ್ದರಿಂದ ಬಂತು, ಬರದಿದ್ದರೆ ಸರಿಯಾಗಿ ಊದಲಿಲ್ಲ! ಎರಡು ಕಡೆಯೂ ಅದು ಸೋಲುವುದಿಲ್ಲ. ಕೇಸಪುತ್ತದ ಕಾಲಾಮರಿಗೆ ಭಗವಾನರು ಹೇಳಿದ್ದು, ಪರಂಪರೆಯಿಂದ ಬಂತು ಎಂದೋ ಗುರು ಹೇಳಿದರು ಎಂದೋ ಒಪ್ಪಬೇಡಿ, ನೀವೇ ಅರಿತುಕೊಳ್ಳಿ ಎಂದು. ಆದರೆ ಬರೀ "ನಾನು ನೋಡಿದ್ದೇನೆ" ಎನ್ನುವುದು ಅರಿವಾಗುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿ ನೋಡಿದಾಗ ಅರಿವು. ಪಟಿಚ್ಚ ಸಮುಪ್ಪಾದವನ್ನು ನಾವು ಬರೀ ಹನ್ನೆರಡು ಕೊಂಡಿಗಳ ಪಟ್ಟಿಯಾಗಿ ಬಾಯಿಪಾಠ ಮಾಡುತ್ತೇವೆ. ಅದರ ಜೀವ ಇರುವುದು ಈ ವಿಚಾರಣೆಯಲ್ಲಿ: ಯಾವುದು ಇದ್ದುದರಿಂದ ಇದು ಆಯಿತು, ಯಾವುದನ್ನು ತೆಗೆದರೆ ಇದು ನಿಲ್ಲುತ್ತದೆ?

ಇನ್ನೊಂದು ಸಣ್ಣ ವಿಷಯ. ಆ ಪೆಟ್ಟಿಗೆಯ ಜೊತೆ ಬಾತುಕೋಳಿ ಹೊಡೆಯುವ ಬಂದೂಕೂ ಇತ್ತು. ಅದು ಕೆಟ್ಟಿಲ್ಲ, ವೈರ್ ಸರಿಯಿದೆ. ಆದರೂ ಈಗಿನ ಎಲ್‌ಇಡಿ ಟಿ.ವಿ.ಯ ಮುಂದೆ ಒಂದು ಬಾತೂ ಬೀಳುವುದಿಲ್ಲ. ಹಳೆಯ ಡಬ್ಬಾ ಟಿ.ವಿ.ಯ ಬೆಳಕು ಮೂಡುವ ರೀತಿಗೆ ಹೊಂದುವಂತೆ ಅದನ್ನು ಮಾಡಿದ್ದಾರೆ. ಯಾವುದರಲ್ಲೂ ದೋಷವಿಲ್ಲ, ಕೂಡಬೇಕಾದ ಒಂದು ಪ್ರತ್ಯಯ ಇಲ್ಲ. ಪ್ರತ್ಯಯ ಎಂಬ ಪದವನ್ನು ಎಂ.ಎ.ಯಲ್ಲಿ ವ್ಯಾಕರಣದ ಪಾಠವಾಗಿ ಓದಿದ್ದ ನನಗೆ, ಧಮ್ಮದಲ್ಲಿ ಅದರ ಅರ್ಥ ಆ ಬಂದೂಕಿನಿಂದ ಚೆನ್ನಾಗಿ ಹಿಡಿಯಿತು.

ಈಗ ಅಮ್ಮನ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಮೊಮ್ಮಗನಿಗೆ ಫಿಟ್ಸ್ ಬರುತ್ತದೆ. ಬಂದಾಗಲೆಲ್ಲ ಕೈಗೆ ಕಬ್ಬಿಣದ ಬೀಗದ ಕೀ ಹಿಡಿಸುತ್ತಾರೆ, ನಿಲ್ಲುತ್ತದೆ. ಅವರು ಕಣ್ಣಾರೆ ನೋಡಿದ್ದು ಇದನ್ನೇ. ಬಂಧುಗಳೇ, ಬಹುತೇಕ ಸಲ ಫಿಟ್ಸ್ ಕೆಲವೇ ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಮನೆಯೆಲ್ಲ ಹುಡುಕಿ ಕೀ ತಂದು ಹಿಡಿಸುವ ಹೊತ್ತಿಗೆ ನಿಲ್ಲುವ ಸಮಯ ಆಗಿರುತ್ತದೆ. ಇದು ಊದುವ ಕತೆಯೇ. ಕೀಯಿಂದ ಏನು ನಷ್ಟ ಎನ್ನಬಹುದು. ನಷ್ಟ ಇರುವುದು ಇಲ್ಲಿ: ಕೀ ಇದೆಯಲ್ಲ ಎಂದು ಅವರ ಮನೆಯಲ್ಲಿ ಎರಡು ತಿಂಗಳು ಮಾತ್ರೆ ನಿಲ್ಲಿಸಿದ್ದರು. ಡಾಕ್ಟರ್ ಹೇಳದೆ ಆ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಈಗ ಮಾತ್ರೆ ಮತ್ತೆ ಶುರುವಾಗಿದೆ. ಕೀ ಇನ್ನೂ ದಿಂಬಿನ ಕೆಳಗೇ ಇದೆ, ಇರಲಿ. "ಮುಂದಿನ ಸಲ ಗಡಿಯಾರ ನೋಡ್ತೀನಿ" ಎಂದಿದ್ದಾರೆ ಅಮ್ಮ.

ಸುಳ್ಳು ಕಾರಣದ ಬೆಲೆಯನ್ನು ನಮ್ಮ ಜನ ತೆತ್ತಷ್ಟು ಬೇರೆ ಯಾರು ತೆತ್ತಿದ್ದಾರೆ? ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಒಂದು ಮನೆಯಲ್ಲಿ ಇಂಥದೇ ಪೆಟ್ಟಿಗೆ ಇತ್ತು. ನಮ್ಮ ಕೇರಿಯ ಹುಡುಗರು ಕಿಟಕಿಯಾಚೆ ನಿಂತು ನೋಡಬಹುದಿತ್ತು. ಕೆಳಗೆ ಬಿದ್ದ ಕ್ಯಾಸೆಟ್ಟನ್ನು ನನ್ನ ಗೆಳೆಯ ಎತ್ತಿಕೊಟ್ಟ. ಮಾರನೆಯ ದಿನ ಆಟ ಏಳಲಿಲ್ಲ. "ಅವನು ಮುಟ್ಟಿದ್ದಕ್ಕೇ ಕೆಟ್ಟಿದ್ದು" ಎಂದರು. ಯಾರೂ ಪೆಟ್ಟಿಗೆ ಬಿಚ್ಚಿ ನೋಡಲಿಲ್ಲ. ಅವನು ಮತ್ತೆ ಆ ಕಿಟಕಿಯ ಹತ್ತಿರ ಬರಲಿಲ್ಲ. ಆ ಯಂತ್ರದಲ್ಲಿ ಇದ್ದಿರಬಹುದಾದ ದೋಷವೇ ಪಿನ್ನಿಗೆ ಪಟ್ಟಿ ಮುಟ್ಟದೇ ಇದ್ದದ್ದು, ಎಂಥ ವ್ಯಂಗ್ಯ!

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು 108 ಮಡಕೆ ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು "ಶುದ್ಧಿ" ಮಾಡಿದರು. ಕೆಡದ ಕೆರೆಗೆ ರಿಪೇರಿ! ಕೆರೆ ಕಲಕಿದ್ದೇನಾದರೂ ಇದ್ದರೆ ಆ ರಿಪೇರಿಯಿಂದ. ಬಾಬಾಸಾಹೇಬರು ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿದರು. ಅನಾದಿ ಕಾಲದ ರೂಢಿ ಎನ್ನುವವರು ಅದನ್ನು ರುಜುವಾತು ಮಾಡಲು ಆಗದೆ 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಸೋತರು. ಮುಂದೆ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಯಾವುದು ಧಮ್ಮವಲ್ಲ ಎಂದು ಹೇಳುವ ಭಾಗದಲ್ಲಿ, ಅತಿಮಾನುಷ ಶಕ್ತಿಯಲ್ಲಿನ ನಂಬಿಕೆಯನ್ನು ಅವರು ಮೊದಲು ಇಟ್ಟರು. ಪ್ರತಿ ಘಟನೆಗೂ ಕಾರಣವಿದೆ, ಅದು ಮನುಷ್ಯನ ಕೆಲಸವೋ ಪ್ರಕೃತಿಯ ನಿಯಮವೋ ಆಗಿರುತ್ತದೆ ಎಂಬುದು ಅಲ್ಲಿನ ವಾದ.

ಈ ಅಳತೆಗೋಲು ನಮಗೂ ಇರಲಿ. ಪರೀಕ್ಷೆಯಲ್ಲಿ ಮಾರ್ಕ್ಸ್ ಬರಲಿ ಎಂದು ಮಕ್ಕಳಿಂದ ಇಪ್ಪತ್ತೊಂದು ಸಲ ತ್ರಿಸರಣ ಹೇಳಿಸುವ ಮನೆಗಳು ನಮ್ಮಲ್ಲೇ ಶುರುವಾಗಿವೆ. ದೇವರ ಪಟ ಇಳಿಸಿ ಬುದ್ಧನ ಪಟ ಏರಿಸಿ, ಊದುವುದನ್ನು ಮಾತ್ರ ಮುಂದುವರಿಸಿದ ಹಾಗೆ. ವಂದನೆ ಮಾಡೋಣ, ಮನಸ್ಸು ನಿಲ್ಲಲು ಮಾಡೋಣ. ಲೆಕ್ಕ ಬರಬೇಕಾದರೆ ಲೆಕ್ಕ ಬಿಡಿಸಬೇಕು.

ಈ ಭಾನುವಾರ ನಾಮದ ಚಿಲುಮೆಯ ಬಳಿ ಸೇರುತ್ತೇವೆ. ರಾಮನ ಬಾಣದ ಕತೆ ಎಲ್ಲರಿಗೂ ಗೊತ್ತು. ಬೆಟ್ಟ ಮತ್ತು ಕಾಡಿನ ಮೇಲೆ ಬಿದ್ದ ಮಳೆ ಬಂಡೆಯ ಬಿರುಕಿಗೆ ಹೇಗೆ ಇಳಿದು ಬರುತ್ತದೆ ಎನ್ನುವುದನ್ನು ಮಕ್ಕಳೇ ಅಲ್ಲಿ ವಿವರಿಸುತ್ತಾರೆ. ಬರುವಾಗ ನಿಮ್ಮ ಮನೆಯಲ್ಲಿ ನಡೆಯುವ ಯಾವುದಾದರೂ ಒಂದು ರೂಢಿಯನ್ನು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬರೆಯಬೇಡಿ. ಅದರ ಕೆಳಗೆ ಎರಡು ಸಾಲು: ಇದರ ಜೊತೆಗೆ ಇನ್ನೇನು ನಡೆಯುತ್ತಿರುತ್ತದೆ? ಇದನ್ನು ಬಿಟ್ಟು ನೋಡಲು ಯಾವ ದಾರಿ? ಟಿ.ವಿ. ರಿಪೇರಿ ಅಣ್ಣನೂ ಬರುತ್ತಾರೆ. ಯಾರ ಮನೆಯಲ್ಲಾದರೂ ಹಳೆಯ ಡಬ್ಬಾ ಟಿ.ವಿ. ಉಳಿದಿದ್ದರೆ ತಿಳಿಸಿ, ಹುಡುಗರಿಗೆ ಬಾತುಕೋಳಿ ಹೊಡೆಯಬೇಕಂತೆ.

ನಮೋ ಬುದ್ಧಾಯ. ಜೈ ಭೀಮ್.