ಮುಂಗಡ ಕೊಟ್ಟ ಮಾತ್ರಕ್ಕೆ ಆಳು ನಿಮ್ಮ ಸ್ವತ್ತಲ್ಲ

ಅಕ್ಕಾವ್ರೇ,

ಮೊದಲು ನಿಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆಯ ಆಧಾರ್ ಕಾರ್ಡ್ ಇವತ್ತೇ ಹಿಂದಿರುಗಿಸಿ. ಉಳಿದದ್ದು ಆಮೇಲೆ.

ಇಳಕಲ್ಲಿನಲ್ಲಿ ಖಾನಾವಳಿ ನಡೆಸುವ ಕಷ್ಟ ನನಗೆ ಗೊತ್ತು. ರೊಟ್ಟಿ ಬಡಿಯುವಾಕೆ ಒಂದು ದಿನ ಬರದಿದ್ದರೆ ಗಿರಾಕಿ ತಿರುಗಿ ಹೋಗುತ್ತಾರೆ. ಮಗಳ ಮದುವೆಗೆಂದು ಆಕೆ ಕೇಳಿದಾಗ 40,000 ರೂಪಾಯಿ ಕೊಟ್ಟದ್ದು ನಿಮ್ಮ ಒಳ್ಳೆಯತನವೇ. ಆದರೆ ‘ಸಾಲ ಮುಟ್ಟೋತನಕ ಬೇರೆ ಕಡೆ ದುಡಿಯುವಂತಿಲ್ಲ’ ಎಂದು ಕಟ್ಟಿಹಾಕಿದಿರಲ್ಲ, ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೊಲದ ಆಳಿಗಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಮಗ್ಗದ ಮನೆ, ಗ್ರಾನೈಟ್ ಕಾರ್ಖಾನೆ, ಖಾನಾವಳಿ ಎಲ್ಲಕ್ಕೂ ಅದು ಒಂದೇ. ಜೀತದ ಸಾಲವನ್ನು ಕಾನೂನು ರದ್ದು ಮಾಡಿದೆ. ಇದು ಅಂಥ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವರ ಮೇಲೆಯೇ ಇದೆ. ಜೀತಕ್ಕಿಟ್ಟುಕೊಂಡವರಿಗೆ ಶಿಕ್ಷೆ 3 ವರ್ಷದವರೆಗಿನ ಜೈಲು.

ಪಗಾರವನ್ನೆಲ್ಲ ಮುಂಗಡಕ್ಕೆ ಮುರಿದುಕೊಂಡು ಬರೀ ಊಟ ಕೊಡುವುದಂತೂ ನನಗೆ ತೀರ ನೋವಿನ ಸಂಗತಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಪೂರ್ತಿ ಪಗಾರವನ್ನು ಆಕೆಯ ಹೆಸರಿನ ಖಾತೆಗೇ ಹಾಕಿ. ವಾರಕ್ಕೊಂದು ರಜೆ ಕೊಡಿ. ಆಕೆಯ 12 ವರ್ಷದ ಕಿರಿಯ ಮಗಳು ಪಾತ್ರೆ ತೊಳೆಯುವುದು ಇಂದೇ ನಿಲ್ಲಬೇಕು. 14 ತುಂಬದ ಮಕ್ಕಳನ್ನು ದುಡಿಸುವಂತಿಲ್ಲ.

ಆಕೆ ‘ಹೋಗುತ್ತೇನೆ’ ಎಂದರೆ ತಡೆಯಬೇಡಿ, ಹಣದ ಮಾತೂ ಎತ್ತಬೇಡಿ. ಪಕ್ಕದ ಲಾಡ್ಜಿನಲ್ಲಿ ಹೀಗೇ ದುಡಿಯುವ ಹುಡುಗರ ಬಗ್ಗೆಯೂ ಬರೆದಿದ್ದೀರಿ: ಬಾಗಲಕೋಟೆಯ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ, ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.