ಒಂದು ಮಗುವಿಗಾಗಿ ಇನ್ನೊಂದು ಮಗು

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಥಲಸ್ಸೀಮಿಯಾ ಮೇಜರ್ ಇದೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಈಗೀಗ ಅವನೇ ನರ್ಸಿಗೆ, ‘ಅಕ್ಕಾ, ಎಡಗೈಗೆ ಚುಚ್ಚಿ, ಬಲಗೈಲಿ ಹೋಂವರ್ಕ್ ಬರೀಬೇಕು’ ಅನ್ನುತ್ತಾನೆ. ನಮ್ಮದು ಸಂಬಂಧದಲ್ಲೇ ಆದ ಮದುವೆ. ಇಬ್ಬರಿಗೂ ಮೈನರ್ ಇದೆಯೆಂದು ಗೊತ್ತಾಗಿದ್ದು ಅವನು ಹುಟ್ಟಿದ ಮೇಲೆ. ಐವಿಎಫ್‌ನಲ್ಲಿ ಇವನಿಗೆ ಹೊಂದುವ ತಮ್ಮನೋ ತಂಗಿಯೋ ಹುಟ್ಟಿದರೆ ಅಸ್ಥಿಮಜ್ಜೆ ಕಸಿ ಮಾಡಬಹುದಂತೆ. ಅತ್ತೆಗೆ ಒಪ್ಪಿಗೆಯಿದೆ. ನನ್ನ ಅಕ್ಕ ಮಾತ್ರ, ‘ಔಷಧಿಗೆ ಅಂತ ಯಾರಾದ್ರೂ ಮಗು ಹೆರ್ತಾರೇನೇ?’ ಅಂದಳು. ಅಂದಿನಿಂದ ನಿದ್ದೆಯಿಲ್ಲ. ನಾನು ಮಾಡಹೊರಟಿರುವುದು ತಪ್ಪೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಕ್ಕನ ಮಾತು ಒರಟಾಯಿತು, ಆದರೆ ಕೇಳಬೇಕಾದ ಮಾತೇ. ಹಾಗೆಂದು ನೀವೊಬ್ಬರೇ ಕಟಕಟೆಯಲ್ಲಿ ನಿಲ್ಲಬೇಕಿಲ್ಲ. ನಮ್ಮಲ್ಲಿ ವಂಶ ಬೆಳೆಯಲಿ ಎಂದು ಹೆರುತ್ತಾರೆ, ಮುಪ್ಪಿನಲ್ಲಿ ಆಸರೆಗೆಂದು ಹೆರುತ್ತಾರೆ, ಮೊದಲನೆಯದು ಹೆಣ್ಣಾಯಿತಲ್ಲ ಎಂದು ಇನ್ನೊಂದನ್ನು ಹೆರುತ್ತಾರೆ. ಏನೂ ಯೋಚಿಸದೆ ಹೆರುವವರೂ ಬೇಕಾದಷ್ಟು ಜನ. ಅವರನ್ನೆಲ್ಲ ಯಾರೂ ನೀತಿ–ಅನೀತಿ ಕೇಳುವುದಿಲ್ಲ. ಅಣ್ಣ ಉಳಿಯಲಿ ಎಂಬ ಆಸೆ ಇವುಗಳಿಗಿಂತ ಕೀಳೆಂದು ನನಗನ್ನಿಸುವುದಿಲ್ಲ.

ಆದ್ದರಿಂದ ನಿಮ್ಮ ಉದ್ದೇಶವನ್ನು ತೂಗಲು ಹೋಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇಬ್ಬರಿಗೂ ಮೈನರ್ ಇರುವ, ಅಂದರೆ ಇಬ್ಬರೂ ಕಾಯಿಲೆಯ ವಾಹಕರಾದ ದಂಪತಿಗೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗುವಾಗುವ ಸಾಧ್ಯತೆ 4ರಲ್ಲಿ 1. ಅಣ್ಣನ ಎಚ್‌ಎಲ್‌ಎ ಗುಂಪಿಗೆ (ಕಸಿಗೆ ಹೊಂದಬೇಕಾದ ಅಂಗಾಂಶದ ಗುಂಪು) ಪೂರ್ತಿ ಹೊಂದುವ ಸಾಧ್ಯತೆಯೂ 4ರಲ್ಲಿ 1. ಕಾಯಿಲೆಯೂ ಇರಬಾರದು, ಹೊಂದಲೂಬೇಕು ಎಂದರೆ 16 ಭ್ರೂಣಗಳಲ್ಲಿ ಸರಾಸರಿ 3. ಒಂದು ಸುತ್ತಿನಲ್ಲಿ ಅಷ್ಟು ಭ್ರೂಣ ಸಿಗುವುದೇ ಅಪರೂಪ. ಅಂದಮೇಲೆ ಹೆಚ್ಚಾಗಿ ನಿಮ್ಮ ಕೈಗೆ ಸಿಗುವುದು ಆರೋಗ್ಯವಾಗಿರುವ, ಆದರೆ ಅಣ್ಣನಿಗೆ ಹೊಂದದ ಭ್ರೂಣ. ಅದನ್ನು ಗರ್ಭಕ್ಕೆ ಹಾಕಿಸಿಕೊಳ್ಳುತ್ತೀರಾ? ‘ಹೂಂ, ಅದೂ ನಮ್ಮದೇ ಮಗು’ ಎನ್ನುವುದಾದರೆ ಅಕ್ಕನಿಗೆ ಉತ್ತರ ಸಿಕ್ಕಂತೆ. ‘ಅದಾದರೆ ಬೇಡ’ ಎನ್ನುವುದಾದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ಹೊಂದುವ ಮಗು ಹುಟ್ಟಿಯೂ ಕಸಿ ಫಲಿಸದೆ ಹೋಗಬಹುದು. ಆಗ ಆ ಮಗುವಿನ ಮುಖ ಹೇಗೆ ನೋಡುತ್ತೀರಿ ಎಂಬುದೂ ಇದರಲ್ಲೇ ಇದೆ. ಇದನ್ನು ಗಂಡ–ಹೆಂಡತಿ ಇಬ್ಬರೇ ಕೂತು ಮಾತಾಡಿ, ಅತ್ತೆಯ ಎದುರು ಬೇಡ.

ದಾರಿಯೇನೂ ಹೊಸದಲ್ಲ. 2000ದಲ್ಲಿ ಅಮೆರಿಕದಲ್ಲಿ ಹೀಗೆ ಹುಟ್ಟಿದ ಆಡಂ ನ್ಯಾಶ್‌ನ ಹೊಕ್ಕುಳಬಳ್ಳಿಯ ರಕ್ತ, ಫಾಂಕೋನಿ ಅನೀಮಿಯಾ ಇದ್ದ ಅವನ ಅಕ್ಕನಿಗೆ ಆಯಿತು. ಗುಜರಾತಿನಲ್ಲಿ 2018ರಲ್ಲಿ ಹುಟ್ಟಿದ ಒಂದು ಹೆಣ್ಣುಮಗು ಸಾಕಷ್ಟು ತೂಕ ಬರುವವರೆಗೆ ಕಾದು, 2020ರಲ್ಲಿ ಅವಳ ಮಜ್ಜೆಯನ್ನು ಥಲಸ್ಸೀಮಿಯಾ ಇದ್ದ ಅಣ್ಣನಿಗೆ ಕಸಿ ಮಾಡಿದರು.

ಹೊಕ್ಕುಳಬಳ್ಳಿಯ ರಕ್ತ ತೆಗೆದರೆ ಮಗುವಿಗೆ ನೋವಿಲ್ಲ. ಮಜ್ಜೆ ಹಾಗಲ್ಲ, ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯಲ್ಲಿ ಎಳೆಯುತ್ತಾರೆ. ದೊಡ್ಡವನ ಪರವಾಗಿ ಸಹಿ ಹಾಕುವವರೂ ನೀವೇ, ಚಿಕ್ಕದರ ಪರವಾಗಿ ಹಾಕುವವರೂ ನೀವೇ. ಅದಕ್ಕೇ ಚಿಕ್ಕದಕ್ಕೆ ಬೇರೆಯೇ ಮಕ್ಕಳ ವೈದ್ಯರಿರಲಿ, ಕಸಿ ತಂಡದವರು ಬೇಡ. ‘ನೀನು ಹುಟ್ಟಿದ್ದೇ ಅಣ್ಣನಿಗೋಸ್ಕರ’ ಅಂತ ನೆಂಟರು ತೊಟ್ಟಿಲ ಪಕ್ಕವೇ ಶುರುಮಾಡುತ್ತಾರೆ. ಅವರ ಬಾಯಿ ಮುಚ್ಚಿಸುವ ಕೆಲಸವನ್ನು ನಿಮ್ಮ ಯಜಮಾನರಿಗೆ ವಹಿಸಿ.

ಇದೆಲ್ಲದಕ್ಕೂ ಮೊದಲು ನಿಮ್ಮಿಬ್ಬರದ್ದೂ ಹತ್ತಿರದ ನೆಂಟರದ್ದೂ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿ. ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅಪ್ಪನೋ ಅಮ್ಮನೋ ಅತ್ತೆಯ ಮಗನೋ ಹೊಂದಿಬಿಡುವುದುಂಟು. ಮೈನರ್ ಇರುವವರೂ ದಾನ ಮಾಡಬಹುದು. ಹೊಸ ಮಗುವಿನ ಮಾತೇ ಬೇಕಾಗದಿರಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ–ಸೊಸೆ ಮಕ್ಕಳೇ ಬೇಡ ಎಂದಿದ್ದಾರೆ. ‘ಕೇಳದೇ ಒಂದು ಜೀವಾನ್ನ ಭೂಮಿಗೆ ತರೋದು ಅನ್ಯಾಯ’ ಅಂತಾನ ಮಗ. ಹಿಂಗ ಯಾರರ ಮಾತಾಡ್ತಾರೇನ್ರಿ?
– ನಿವೃತ್ತ ಮಾಸ್ತರ, ಧಾರವಾಡ

ಉತ್ತರ: ಮಾತಾಡುತ್ತಾರೆ ಮಾಸ್ತರೇ. ದಕ್ಷಿಣ ಆಫ್ರಿಕಾದ ತತ್ತ್ವಶಾಸ್ತ್ರಜ್ಞ ಡೇವಿಡ್ ಬೆನಟಾರ್ 2006ರಲ್ಲಿ ಇದರ ಮೇಲೇ ಪುಸ್ತಕ ಬರೆದರು. ಹುಟ್ಟದವನಿಗೆ ಸುಖ ತಪ್ಪಿತೆಂಬ ಕೊರಗಿಲ್ಲ, ನೋವು ತಪ್ಪಿದ್ದು ಮಾತ್ರ ಒಳ್ಳೆಯದೇ ಎಂಬುದು ಅವರ ವಾದ. 2019ರಲ್ಲಿ ಮುಂಬೈಯ ಯುವಕನೊಬ್ಬ ತನ್ನನ್ನು ಕೇಳದೆ ಹೆತ್ತರೆಂದು ಅಪ್ಪ–ಅಮ್ಮನ ಮೇಲೆ ದಾವೆ ಹೂಡುವುದಾಗಿ ಹೇಳಿ ಸುದ್ದಿಯಾದ, ಅವರಿಬ್ಬರೂ ವಕೀಲರು! ನನಗೆ ಈ ವಾದ ಒಪ್ಪಿಗೆಯಿಲ್ಲ. ಇಲ್ಲದವನನ್ನು ಕೇಳುವುದು ಹೇಗೆ? ಕೇಳಲಾಗದ್ದನ್ನು ಕೇಳಲಿಲ್ಲವೆಂದು ಅನ್ಯಾಯ ಎನ್ನಲು ಬರುವುದಿಲ್ಲ. ಆದರೆ ಮಕ್ಕಳು ಬೇಡ ಎನ್ನಲು ನಿಮ್ಮ ಮಗನಿಗೆ ಇಷ್ಟು ದೊಡ್ಡ ವಾದವೇ ಬೇಕಿರಲಿಲ್ಲ, ‘ಬೇಡ’ ಎಂದರೆ ಸಾಕಿತ್ತು. ಬಹುಶಃ ನೀವು ಬಿಡಲಿಲ್ಲ. ಮೊಮ್ಮಗು ಬೇಕೆಂಬ ಆಸೆಯನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಅದು ನಿಮ್ಮ ಹಕ್ಕು. ಪ್ರತಿ ಭಾನುವಾರದ ಫೋನಿನಲ್ಲಿ ಬೇಡ.