ನಟಿ ಉಮಾಶ್ರೀ

ಅಕ್ಕಂದಿರೇ, ನಾವೆಲ್ಲ ಸಿನಿಮಾ ನೋಡಿದ್ದೇವೆ. ಚಿಂತಾಮಣಿ, ಗೌರಿಬಿದನೂರು ಕಡೆ ಟೆಂಟಿನಲ್ಲಿ ಕೂತು ನೋಡಿದವರೂ ಇದ್ದೇವೆ. ಸಿನಿಮಾಕ್ಕೆ ನಾಯಕ, ನಾಯಕಿ ಇಬ್ಬರೇ ಸಾಕೇ? ಸಾಲದು. ಅಮ್ಮ ಬೇಕು, ಅತ್ತೆ ಬೇಕು, ಪಕ್ಕದ ಮನೆಯವಳು ಬೇಕು. ಇವೇ ಪೋಷಕ ಪಾತ್ರಗಳು.

ಇಂಥ ಪಾತ್ರಗಳಿಂದ ಹೆಸರಾದವರು ಉಮಾಶ್ರೀ. ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಾಯಿತು. ನಾಟಕದಲ್ಲಿ ದುಡಿದರು. 'ಒಡಲಾಳ' ನಾಟಕದಲ್ಲಿ ಸಾಕವ್ವ ಆದರು. ಸಾಕವ್ವ, ಕಳೆದುಹೋದ ಹುಂಜ ಹುಡುಕುವ ಮುದುಕಿ. ಜನ ಮೆಚ್ಚಿದರು.

1984ರಲ್ಲಿ 'ಅನುಭವ' ಸಿನಿಮಾ ಬಂತು. ಆಮೇಲೆ ನಗಿಸುವ ಪಾತ್ರಗಳೇ ಹೆಚ್ಚು ಸಿಕ್ಕವು. ಕೆಲವನ್ನು ನೋಡಿ ಜನ ಮೂಗು ಮುರಿದರು. ಅವರು ಕೆಲಸ ಬಿಡಲಿಲ್ಲ. ದುಡಿಮೆ ನಿಂತರೆ ಒಲೆ ಉರಿಯುವುದೇ?

2008ರ 'ಗುಲಾಬಿ ಟಾಕೀಸ್' ಸಿನಿಮಾದಲ್ಲಿ ಸೂಲಗಿತ್ತಿ ಗುಲಾಬಿಯಾದರು. ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿ.ವಿ. ಸಿಗುತ್ತದೆ. ಊರಿನ ಹೆಂಗಸರು ಅವಳ ಮನೆಗೆ ಬಂದು ನೋಡುತ್ತಾರೆ. ಈ ಪಾತ್ರಕ್ಕೆ ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಶಾಸಕಿಯಾದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಿಯೂ ಆದರು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಅಕ್ಕನ ಹೆಸರು ಸೀರೆಯ ಮೇಲೆ ಇರುವುದಿಲ್ಲ. ಆದರೆ ಅವಳಿಲ್ಲದೆ ಸೀರೆಯಿಲ್ಲ. ಪೋಷಕ ಪಾತ್ರವೂ ಹಾಗೆಯೇ. ಅವರ ಹೆಸರುಗಳು ತೆರೆಯ ಮೇಲೆ ಬರುತ್ತವೆ. ನಿನ್ನೆವರೆಗೆ ನಮಗೆ ಅವು ಬರೀ ಗೆರೆಗಳು. ಇನ್ನು ಮೇಲೆ ಬೇಗ ಎದ್ದು ಹೋಗುವುದು ಬೇಡ. ಕೂತು ಓದೋಣ.

ಹೇಳಿರಿ:
1. ಪೋಷಕ ಪಾತ್ರ ಎಂದರೇನು?
2. ಗುಲಾಬಿಗೆ ಟಿ.ವಿ. ಹೇಗೆ ಸಿಕ್ಕಿತು?
3. ನಿಮ್ಮ ದುಡಿಮೆಯಿಂದ ಯಾವ ವಸ್ತು ತಯಾರಾಗುತ್ತದೆ?

ಬರೆಯಿರಿ: ನಾಟಕ, ಪೋಷಕ, ಸೂಲಗಿತ್ತಿ, ಪ್ರಶಸ್ತಿ.